ಲಿಪ್ಟನ್ ಸಾಹೇಬ್ರ ದೋಣಿಗೆ ನಮ್ಮ ಅಪ್ಪಾಜಿ ಹೇಳ್ಕೊಟ್ಟ ಬಟ್ಟೆ ಪಾಠ

ಕೊಂಡಜ್ಜಿ ಕೆರೆಗೆ ನನ್ನ ಆರಡಿ ಮಾಡೆಲ್ ಹಾಯಿ ದೋಣಿ, ದಡದಲ್ಲಿ ನಿಂತು ರಿಮೋಟಲ್ಲಿ ನಡೆಸೋದು, ಇಳಿಸಿದ ದಿನ ಕುರಿ ಕಾಯೋ ಅಜ್ಜ ಒಬ್ರು ಹತ್ರ ಬಂದು "ಇದ್ರಾಗೆ ಮೋಟ್ರು ಎಲ್ಲೈತಪಾ" ಅಂದ್ರು. ಮೋಟ್ರಿಲ್ಲ ಅಜ್ಜಾ, ಗಾಳಿಗೇ ಹೋಗೋದು ಅಂದೆ. ಅವ್ರು ಸ್ವಲ್ಪ ಹೊತ್ತು ನೋಡಿ "ಗಾಳಿ ಆ ಕಡೀಂದ ಬರ್ತೈತಿ, ಇದೂ ಆ ಕಡೀಗೇ ಹೊಂಟೈತಲ್ಲೋ" ಅಂದ್ರು ನೋಡ್ರಿ, ನಂಗೆ ಖುಷಿಯಾಗಿ ಅಲ್ಲೇ ಒಂದು ಟೀ ಕುಡಿಸ್ಬೇಕು ಅನ್ನಿಸ್ತು, ಯಾಕಂದ್ರೆ ಆ ಒಂದು ಕೆಲಸ, ಅಂದ್ರೆ ಗಾಳಿಗೆ ಎದುರಾಗಿ ಓರೆಓರೆಯಾಗಿ ಹತ್ತೋದು, ಅದನ್ನ ನನ್ನ ದೋಣಿಗೆ ಕಲಿಸೋಕೆ ಒಂದು ವರ್ಷದ ಮೇಲೆ ಹಿಡಿದಿತ್ತು.

ನಂದು ದಾವಣಗೆರೆಲಿ ಸಣ್ಣ ಕಾರ್ಪೆಂಟ್ರಿ ಶಾಪ್. ಬಾಗ್ಲು, ಕಿಟಕಿ, ಈಗೀಗ ಮಾಡ್ಯುಲರ್ ಕಿಚನ್. ರಾತ್ರಿ ಶಟರ್ ಅರ್ಧ ಇಳಿಸಿ ಮಾಡಿದ್ದು ಶ್ಯಾಮ್‌ರಾಕ್ ಫೈವ್. ಚಹಾಪುಡಿ ಲಿಪ್ಟನ್ ಇದ್ರಲ್ಲ, ಥಾಮಸ್ ಲಿಪ್ಟನ್, ಅವ್ರ ದೋಣಿ. ಮನುಷ್ಯ 1899ರಿಂದ 1930ರವರೆಗೆ ಐದು ಸಲ ಅಮೆರಿಕಾಸ್ ಕಪ್ ಅನ್ನೋ ಹಾಯಿ ದೋಣಿ ರೇಸಿಗೆ ಹೋಗಿ ಐದು ಸಲಾನೂ ಸೋತು ಬಂದ್ರು, ಕೊನೇ ಸಲ ಎಂಟರ್‌ಪ್ರೈಸ್ ಅನ್ನೋ ದೋಣಿ ಎದುರು 4-0. ಪಾಪ ಅನ್ನಿಸಿ ಅಮೆರಿಕದ ಜನನೇ ದುಡ್ಡು ಕೂಡಿಸಿ ಅವ್ರಿಗೊಂದು ಚಿನ್ನದ ಕಪ್ ಮಾಡಿಸಿಕೊಟ್ರು. ಆ ಕಾಲದ ಜೆ ಕ್ಲಾಸ್ ಅನ್ನೋ ದೊಡ್ಡ ರೇಸ್ ದೋಣಿ ಒಟ್ಟು ಹತ್ತೇ ಕಟ್ಟಿದ್ದು, ಅದ್ರಲ್ಲಿ ಮರದ ಹಲಗೆ ಹೊದಿಸಿದ್ದು ಈಗ ಉಳಿದಿರೋದು ಇದೊಂದೇ, ಉಕ್ಕಿನ ಚೌಕಟ್ಟಿನ ಮೇಲೆ ಮಹಾಗನಿ. ಬಡಗಿ ಆಗಿ ನಾನು ಬೇರೆ ಯಾವ್ದನ್ನ ಆರಿಸ್ಲಿ ಹೇಳ್ರಿ.

ಅಸಲಿದು 119 ಅಡಿ. ನಾನು ಇಪ್ಪತ್ತರಲ್ಲಿ ಒಂದು ಅಂತ ಇಟ್ಕೊಂಡೆ, ಹತ್ರಹತ್ರ ಆರಡಿ ಬಂತು. ಇಲ್ಲಿ ಒಂದು ಲೆಕ್ಕ ಇದೆ, ಅದು ತಲೆಗೆ ಹೋಗದಿದ್ರೆ ಮುಂದೆ ದುಡ್ಡು ದಂಡ. ಉದ್ದ 20 ಪಾಲು ಕಮ್ಮಿ ಆದ್ರೆ ಹಾಯಿ ಬಟ್ಟೆ 400 ಪಾಲು ಕಮ್ಮಿ, ತೂಕ ಮಾತ್ರ 8000 ಪಾಲು ಕಮ್ಮಿ ಆಗುತ್ತೆ. ಆದ್ರೆ ಗಾಳಿ ನಮ್ ದೋಣಿ ಸಣ್ಣದು ಅಂತ ಮೆಲ್ಲಗೆ ಬೀಸಲ್ವಲ್ಲ, ಹಂಗಾಗಿ ಮಾಡೆಲ್ ದೊಡ್ಡದಕ್ಕಿಂತ ಬೇಗ ವಾಲುತ್ತೆ. ಅದಕ್ಕೇ ಅಸಲಿ ಕೀಲ್, ಅಂದ್ರೆ ದೋಣಿ ತಳದಿಂದ ನೀರಿಗೆ ಇಳಿಯೋ ರೆಕ್ಕೆ, ಅದರ ಕೆಳಗೆ ಬಿಚ್ಚಿ ಹಾಕೋ ತರ ಇನ್ನೊಂದು ರೆಕ್ಕೆ ಬೋಲ್ಟ್ ಮಾಡಿ ಅದರ ತುದಿಗೆ ಸೀಸದ ಗುಂಡು ಕೂರಿಸ್ತಾರೆ. ನಂದು ಒಟ್ಟು 17 ಕೆಜಿ, ಅದ್ರಲ್ಲಿ 10 ಕೆಜಿ ಸೀಸನೇ.

ಡ್ರಾಯಿಂಗನ್ನ ಫ್ಲೆಕ್ಸ್ ಅಂಗಡಿಲಿ ಫುಲ್ ಸೈಜಿಗೆ ಪ್ರಿಂಟ್ ಹಾಕಿಸಿದ್ದೆ. ಹುಡುಗ ಕೆಲವು ಶೀಟು ಪೇಪರ್‌ಗೆ ಕೂರ್ಲಿ ಅಂತ ಚೂರು ಕುಗ್ಗಿಸಿ ಹಾಕಿದಾನೆ, ನಾನೂ ಟೇಪ್ ಹಿಡಿದು ನೋಡ್ಲಿಲ್ಲ. ಹದಿಮೂರು ಅಡ್ಡ ಫ್ರೇಮ್ 6 ಎಂಎಂ ಪ್ಲೈನಲ್ಲಿ ಕೊಯ್ದು ಸಾಲಾಗಿ ನಿಲ್ಸಿ, ಮೇಲೆ ಅಡಿಕೆ ದಬ್ಬೆ ಬಗ್ಗಿಸಿ ಹಿಡಿದ್ರೆ ನಡುನಡುವೆ ಬೆರಳು ಹೋಗೋವಷ್ಟು ಸಂದು! ಆರು ಫ್ರೇಮ್ ಬಿಸಾಕಿ ಮತ್ತೆ ಕೊಯ್ದೆ. ಈ ದಬ್ಬೆ ಉಪಾಯ ಚನ್ನಗಿರಿ ಕಡೆ ಗೆಳೆಯಂದು, ತೋಟದಲ್ಲಿ ಸೀಳಿ ಕೆತ್ತಿ ಕೊಟ್ಟಿದ್ದ, ಫ್ರೇಮ್ ಸಾಲು ಸರಿಯಿದೆಯಾ ಅಂತ ನೋಡೋಕೆ ಇದಕ್ಕಿಂತ ಒಳ್ಳೇದು ನಂಗಂತೂ ಸಿಕ್ಕಿಲ್ಲ. ಹಲಗೆಗೆ ಹೆಬ್ಬೇವು, 4 ಎಂಎಂ ಪಟ್ಟಿ ಸೀಳಿ ಅಂಟಿಸಿದ್ದು, ಒಳಗೂ ಹೊರಗೂ ಎಪಾಕ್ಸಿ ಗ್ಲಾಸ್ ಕ್ಲಾತ್, ಮೇಲೆ ಹಸಿರು ಪೇಂಟ್. ಉಜ್ಜಿದ್ದು ಎಷ್ಟು ದಿನ ಅಂತ ಕೇಳ್ಬೇಡಿ.

ಸೀಸ ಎರಕ ಹೊಯ್ದಿದ್ದನ್ನ ಮಾತ್ರ ಹೇಳ್ಲೇಬೇಕು. ಹಳೇ ವೀಲ್ ಬ್ಯಾಲೆನ್ಸಿಂಗ್ ತೂಕಗಳು ಕೆಜಿ ಲೆಕ್ಕದಲ್ಲಿ ತಂದು ಹಿತ್ಲಲ್ಲಿ ಕರಗಿಸಿ ಮರಳಿನ ಅಚ್ಚಿಗೆ ಹೊಯ್ದೆ. ಮರಳು ಒಣಗಿದೆ ಅಂತ ನನ್ನ ನಂಬಿಕೆ, ಒಳಗೆ ಪಸೆ ಇತ್ತು, ಅದು ಆವಿಯಾಗಿ ಸೀಸ ಢಬ್ ಅಂತ ಮೇಲಕ್ಕೆ ಚಿಮ್ಮಿತು. ಕನ್ನಡಕ ಹಾಕಿದ್ದೆ, ಬಚಾವ್. ಮೊಣಕೈ ಮೇಲೆ ಮೂರು ಕಲೆ ಇನ್ನೂ ಇದಾವೆ. ಎರಡನೇ ಸಲ ಪ್ಲಾಸ್ಟರ್ ಅಚ್ಚು ಮಾಡಿ ಬಿಸಿಲಲ್ಲಿ ವಾರ ಇಟ್ಟು, ಆಮೇಲೆ ಕೆಂಡದ ಹತ್ರನೂ ಕಾಯಿಸಿ ಹೊಯ್ದೆ. ಹೊಗೆ ಕುಡೀಬೇಡಿ, ಮಕ್ಕಳನ್ನ ಹತ್ರ ಬಿಡ್ಬೇಡಿ.

ಇಷ್ಟೆಲ್ಲಾ ಆಗಿ ಸೂಳೆಕೆರೆಲಿ ಮೊದಲ್ನೇ ರೇಸ್. ನಾವು ಮೂರೇ ಜನ, ಚಿತ್ರದುರ್ಗದ ಗೆಳೆಯಂದು ಆರೂವರೆ ಅಡಿ ಎಂಡೆವರ್ (ಅದೂ ಒಂದು ಜೆ ಕ್ಲಾಸ್ ದೋಣಿ ಮಾಡೆಲ್ಲೇ), ಚನ್ನಗಿರಿಯವಂದು ಒಂದು ಚಿಕ್ಕದು. ದುರ್ಗದವನು ಬೆಳಿಗ್ಗೆ ಎದ್ದು ಗುಡ್ಡದ ಮೇಲಿನ ಗಾಳಿ ಫ್ಯಾನ್ ತಿರುಗ್ತಾ ಇದಾವಾ ಅಂತ ನೋಡಿ ಫೋನ್ ಮಾಡ್ತಾನೆ, ಅದೇ ನಮ್ಮ ಹವಾಮಾನ ಇಲಾಖೆ. ಇಪ್ಪತ್ತು ಲೀಟರ್ ನೀರಿನ ಕ್ಯಾನ್‌ಗೆ ಇಟ್ಟಿಗೆ ಕಟ್ಟಿ ಬಿಟ್ರೆ ಅದೇ ದೋಣಿ ಸುತ್ತಿ ಬರೋ ಮಾರ್ಕ್, ಎರಡು ನಿಮಿಷದ ಕೌಂಟ್‌ಡೌನ್ ಮೊಬೈಲಲ್ಲಿ ರೆಕಾರ್ಡ್ ಮಾಡಿಟ್ಟಿರೋದು. ಬಲಗಡೆಯಿಂದ ಗಾಳಿ ತಗೊಳ್ಳೋ ದೋಣಿಗೆ ಎಡಗಡೆಯಿಂದ ತಗೊಳ್ಳೋದು ದಾರಿ ಬಿಡ್ಬೇಕು, ತಪ್ಪಿದ್ರೆ ಒಂದು ಸುತ್ತು ತಿರುಗಿ ದಂಡ ಕಟ್ಬೇಕು. ಓಡೋದು ಅಂದ್ರೆ ನಾವು ನಡೆಯೋವಷ್ಟೇ ಸ್ಪೀಡು, ಗಂಟೆಗೆ ಐದು ಕಿಲೋಮೀಟರ್ ಇರ್ಬೋದು, ನೀರಲ್ಲಿ ಕೂರೋ ಉದ್ದ ನಾಲ್ಕಡಿ ಇದ್ರೆ ಅದಕ್ಕಿಂತ ಜಾಸ್ತಿ ಹೋಗೋದು ಕಷ್ಟ. ಆದ್ರೂ ಎದೆ ಡವಡವ.

ಗಾಳಿ ಬೆನ್ನಿಗಿದ್ರೆ ನಂದೇ ಮುಂದೆ. ಗಾಳಿಗೆ ಎದುರು ತಿರುಗಿದ ತಕ್ಷಣ ಎಂಡೆವರ್ ಸೀದಾ ಹತ್ತಿ ಹೋಗೋದು, ನಂದು ವಾಲ್ಕೊಂಡು ಅಡ್ಡಡ್ಡ ಜಾರೋದು. ಮಾಸ್ಟ್ (ಹಾಯಿ ಕಂಬ) ಹಿಂದೆ ಸರಿಸಿದೆ, ಮುಂದೆ ಸರಿಸಿದೆ, ಅರ್ಧ ಕೆಜಿ ಸೀಸ ಜಾಸ್ತಿ ಮಾಡ್ದೆ, ಹಾಯಿ ಎಳೆಯೋ ವಿಂಚ್ ಬದಲಾಯಿಸ್ದೆ. ವರ್ಷ ಪೂರ್ತಿ ಕೊನೇ ನಂಬರು.

ಒಂದಿನ ಅಪ್ಪಾಜಿ ಸುಮ್ನೆ ಜೊತೆಗೆ ಬಂದಿದ್ರು. ಕಾಟನ್ ಮಿಲ್ಲಲ್ಲಿ ಇಪ್ಪತ್ತೆರಡು ವರ್ಷ ಮಗ್ಗದ ಮುಂದೆ ನಿಂತವ್ರು, ಮಿಲ್ ಮುಚ್ಚಿದ ಮೇಲೆ ಬಟ್ಟೆ ವಿಷ್ಯ ಎತ್ತಿದ್ದೇ ಕಮ್ಮಿ. ಏರಿ ಮೇಲೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂತಿದ್ದವ್ರು, ನಾನು ದೋಣಿ ದಡಕ್ಕೆ ತಂದಾಗ ಹಾಯಿ ಹಿಂದಿನ ಅಂಚು ಹಿಡಿದು ಎರಡೂ ಕೈಲಿ ಜಗ್ಗಿದ್ರು. ರಬ್ಬರ್ ತರ ಹಿಗ್ಗಿತು. "ಬಟ್ಟೆನ ಓರೆ ಕೊಯ್ದೀಯಲ್ಲೋ, ಹಾಸು ಯಾವ್ದು ಹೊಕ್ಕು ಯಾವ್ದು ನೋಡ್ಲಿಲ್ವಾ?"

ಹಾಸು ಅಂದ್ರೆ ಬಟ್ಟೆ ಉದ್ದದ ನೂಲು, ಹೊಕ್ಕು ಅಂದ್ರೆ ಅಡ್ಡ ನೂಲು. ನಾನು ನೋಡಿರ್ಲಿಲ್ಲ. ಛತ್ರಿ ಬಟ್ಟೆ ತಂದು ಹೆಂಗೆ ಕೂತ್ರೆ ವೇಸ್ಟ್ ಕಮ್ಮಿ ಆಗುತ್ತೋ ಹಂಗೆ, ಪ್ಲೈವುಡ್ ಶೀಟ್ ತರ, ಕತ್ತರಿಸಿದ್ದೆ. ನೂಲಿನ ದಾರಿಗೆ ಜಗ್ಗಿದ್ರೆ ಬಟ್ಟೆ ಬಗ್ಗಲ್ಲ, ಮೂಲೆಯಿಂದ ಮೂಲೆಗೆ ಜಗ್ಗಿದ್ರೆ ಹಿಗ್ಗುತ್ತೆ, ಇದು ಮನೇಲಿ ಟವಲ್ ಹಿಡಿದು ನೋಡಿದ್ರೂ ಗೊತ್ತಾಗುತ್ತೆ. ಹಾಯಿಗೆ ಜಾಸ್ತಿ ಎಳೆತ ಬೀಳೋದು ಆ ಹಿಂದಿನ ಬಿಟ್ಟ ಅಂಚಿಗೇ, ಅಲ್ಲೇ ಹಿಗ್ಗಿದ್ರೆ ಹಾಯಿ ಚೀಲ ಆಗುತ್ತೆ, ಚೀಲ ಆದ್ರೆ ದೋಣಿನ ಮುಂದಕ್ಕೆ ಒಯ್ಯೋ ಬದ್ಲು ಪಕ್ಕಕ್ಕೆ ಮಲಗಿಸುತ್ತೆ. ನಾನು ವರ್ಷ ಪೂರ್ತಿ ಸೀಸದಲ್ಲಿ ಹುಡುಕಿದ್ದು ಬಟ್ಟೆಲಿತ್ತು.

ಹೊಸ ಹಾಯಿ ಇಬ್ರೂ ಕೂತು ಮಾಡಿದ್ವಿ. ದಟ್ಟ ನೇಯ್ಗೆ ಪಾಲಿಯೆಸ್ಟರ್, ಅಡ್ಡಡ್ಡ ಆರು ಪಟ್ಟಿ, ಹೊಕ್ಕಿನ ನೂಲು ಹಿಂದಿನ ಅಂಚಿನ ಗುಂಟ ಬರೋ ಹಂಗೆ. ಪಟ್ಟಿ ಸೇರೋ ಕಡೆ ನೆಟ್ಟಗೆ ಕೊಯ್ಯದೆ ಎರಡು ಮೂರು ಎಂಎಂ ಬಿಲ್ಲು ತರ ಕೊಯ್ದು ಹೊಲಿದ್ರೆ ಹಾಯಿಗೆ ತಾನಾಗೇ ಹೊಟ್ಟೆ ಬರುತ್ತೆ. ಡಬಲ್ ಟೇಪ್ ಅಂಟಿಸಿ ಆಮೇಲೆ ಜಿಗ್‌ಜಾಗ್ ಹೊಲಿಗೆ, ಇಲ್ಲಾಂದ್ರೆ ಬಟ್ಟೆ ಮಿಷಿನ್ ಕೆಳಗೆ ಜಾರುತ್ತೆ. ಅಪ್ಪಾಜಿ ಪ್ರತಿ ಪಟ್ಟಿನೂ ಬೆಳಕಿಗೆ ಹಿಡಿದು ನೋಡಿದ್ರು, ಒಂದನ್ನ ರಿಜೆಕ್ಟ್ ಮಾಡಿದ್ರು, ಯಾಕೆ ಅಂತ ನಂಗೆ ಇವತ್ತಿಗೂ ಕಾಣಲ್ಲ.

ಮೊದಲ್ನೇ ಟ್ರಯಲ್ಲೇ ಆ ಕೊಂಡಜ್ಜಿ ಅಜ್ಜ ನೋಡಿದ್ದು. ಆಮೇಲಿನ ರೇಸಲ್ಲಿ ಗಾಳಿಗೆ ಎದುರು ಎಂಡೆವರ್ ಪಕ್ಕಕ್ಕೇ ಹತ್ತಿದೆ, ಕೊನೇ ಮಾರ್ಕ್ ಹತ್ರ ದಾರಿ ಬಿಡ್ದೆ ಗುದ್ದಿ ಒಂದು ಸುತ್ತು ದಂಡ ಕಟ್ಟಿ ಎರಡನೇ ನಂಬರು ಬಂದೆ. ತಪ್ಪು ನಂದೇ.

ಈಗ ಅಪ್ಪಾಜಿಗೆ ಹೊಸ ಹುಚ್ಚು. ಅಸಲಿ ದೋಣಿಗೆ ಆಗ ಹತ್ತಿ ಬಟ್ಟೆ ಹಾಯಿ ಇತ್ತು ಅಂತ ಒಂದ್ಸಲ ಬಾಯ್ತಪ್ಪಿ ಹೇಳಿಬಿಟ್ಟೆ. ಒದ್ದೆಯಾದ್ರೆ ಭಾರ ಆಗುತ್ತೆ ಅಂದ್ರೂ ಕೇಳ್ತಿಲ್ಲ, ಮೂರು ಅಂಗಡಿ ತಿರುಗಿ ನಾಲ್ಕು ಮೀಟರ್ ತಂದಿದಾರೆ, ನನ್ನ ಪ್ಲೈ ಕೊಯ್ಯೋ ಟೇಬಲ್ ಮೇಲೆ ಹಾಸಿಟ್ಟು ಅದನ್ನ ಯಾರೂ ಮುಟ್ಟಂಗಿಲ್ಲ ಅಂದಿದಾರೆ.