ಶೇಂಗಾ ಬೀಜ ಕೊಯ್ದು ರೆಸ್ವೆರಾಟ್ರಾಲ್ ಬರಿಸುವ, ಗುರುತಿಸುವ ಬಗೆ

ಸ್ಟಿಲ್ಬೀನ್ (ಎರಡು ಬೆಂಜೀನ್ ಉಂಗುರಗಳನ್ನು ಜೋಡಿ ಬಂಧದ ಸೇತುವೆ ಬೆಸೆದಿರುವ ಸಂಯುಕ್ತ) ಎಂದರೆ ಹೆಚ್ಚಿನವರಿಗೆ ನೆನಪಾಗುವುದು ದ್ರಾಕ್ಷಿ ಸಿಪ್ಪೆಯ ರೆಸ್ವೆರಾಟ್ರಾಲ್. ಆದರೆ ಕಾಲೇಜಿನ ಲ್ಯಾಬ್‌ನಲ್ಲಿ ಅದು ಹುಟ್ಟುವುದನ್ನು ಕಣ್ಣಾರೆ ನೋಡಬೇಕಾದರೆ ಶೇಂಗಾ ಸಾಕು. ಗಾಯವಾಗದ ಬೀಜದಲ್ಲಿ ಇದು ತೀರಾ ಕಡಿಮೆ. ಹೋಳು ಮಾಡಿ ತೇವದಲ್ಲಿಟ್ಟರೆ ಎರಡು ದಿನದಲ್ಲಿ ಹಲವು ಪಟ್ಟು ಏರುತ್ತದೆ. ಗಾಯವಾದ ಜೀವಕೋಶಗಳಲ್ಲಿ ಸ್ಟಿಲ್ಬೀನ್ ಸಿಂಥೇಸ್ ಎಂಬ ಕಿಣ್ವ ಚುರುಕಾಗಿ, ಒಂದು ಕೂಮರಾಯಿಲ್-ಕೋಎ ಅಣುವಿಗೆ ಮೂರು ಮೆಲೊನೈಲ್-ಕೋಎ ಅಣು ಬೆಸೆದು ರೆಸ್ವೆರಾಟ್ರಾಲ್ ಕಟ್ಟುತ್ತದೆ. ಬೂಷ್ಟು ಒಳನುಗ್ಗದಂತೆ ಗಿಡ ಮಾಡಿಕೊಳ್ಳುವ ಏರ್ಪಾಡು ಇದು. ಸತ್ತ ಬೀಜದಿಂದ ಈ ಕೆಲಸ ಆಗದು.

ಆದ್ದರಿಂದ ಮೊದಲು ಬೀಜದ ಪರೀಕ್ಷೆ. ಹುರಿದದ್ದು, ಉಪ್ಪು ಹಚ್ಚಿದ್ದು ಬೇಡ. ಬಿತ್ತನೆಗೆ ಯೋಗ್ಯವಾದ ಹಸಿ ಬೀಜ ಬೇಕು, ಅದೂ ಔಷಧಿ ಸವರದ್ದು. 20 ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೂರ್ನಾಲ್ಕು ದಿನದಲ್ಲಿ 15ಕ್ಕಿಂತ ಕಡಿಮೆ ಮೊಳೆತರೆ ಆ ಚೀಲ ಬದಲಿಸಿ.

50 ಗ್ರಾಂ ಬೀಜವನ್ನು ಶೇ 1ರ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ 3 ನಿಮಿಷ ಅದ್ದಿ, ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ತೊಳೆದು, ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ಕೆಂಪು ಸಿಪ್ಪೆ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ 2 ಮಿ.ಮೀ. ದಪ್ಪದ ಹೋಳು ಮಾಡಿ. ಅರ್ಧವನ್ನು ಕುದಿಯುವ ನೀರಿನಲ್ಲಿ 5 ನಿಮಿಷ ಬೇಯಿಸಿ ಬೇರೆ ಇಡಿ, ಹೋಲಿಕೆಗೆ ಇದೇ ಕಂಟ್ರೋಲ್. ಎರಡನ್ನೂ ಒದ್ದೆ ಫಿಲ್ಟರ್ ಪೇಪರಿನ ಮೇಲೆ, ಒಂದಕ್ಕೊಂದು ತಾಗದಂತೆ, ಪೆಟ್ರಿ ಡಿಶ್‌ನಲ್ಲಿ ಹರಡಿ, ಕತ್ತಲಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ಗಂಟೆ ಬಿಡಿ. ಪೇಪರ್ ತೇವವಾಗಿದ್ದರೆ ಸಾಕು. ನೀರು ನಿಂತರೆ ಹೋಳಿಗೆ ಉಸಿರಾಟ ಸಿಗದೆ ಹುಳಿ ವಾಸನೆ ಬರುತ್ತದೆ. ಅಂಥದ್ದನ್ನು ಬಿಸಾಡಿ ಮತ್ತೆ ಶುರು ಮಾಡುವುದೇ ವಾಸಿ.

ಅಲ್ಲಿಂದಾಚೆಗಿನ ಶತ್ರು ಬೆಳಕು. ಗಿಡದಲ್ಲಿರುವುದು ಹೆಚ್ಚಾಗಿ ರೆಸ್ವೆರಾಟ್ರಾಲ್‌ನ ಟ್ರಾನ್ಸ್ ರೂಪ, ಅಂದರೆ ಎರಡು ಉಂಗುರಗಳು ಜೋಡಿ ಬಂಧದ ಎದುರುಬದುರು ಬದಿಯಲ್ಲಿರುವುದು. ಹಗಲಿನ ಬೆಳಕು ಬಿದ್ದರೆ ನಡುವಿನ ಜೋಡಿ ಬಂಧದ ಸುತ್ತಲಿನ ಜೋಡಣೆ ಬದಲಾಗಿ ಎರಡೂ ಒಂದೇ ಬದಿಗಿರುವ ಸಿಸ್ ರೂಪಕ್ಕೆ ತಿರುಗುತ್ತದೆ. ಟ್ರಾನ್ಸ್ ಹೆಚ್ಚು ಬೆಳಕು ಹೀರುವುದು 306 ನ್ಯಾನೊಮೀಟರ್ ಆಸುಪಾಸಿನಲ್ಲಿ, ಸಿಸ್ 286ರ ಸುತ್ತ. ಮಂದ ಬೆಳಕಿನಲ್ಲೇ ಕೆಲಸ ಮಾಡಿ, ಫ್ಲಾಸ್ಕ್‌ಗೆಲ್ಲ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಕ್ಷಾರವೂ ಆಗದು: ಸೋಡಾದಿಂದ ತೊಳೆದ ಗಾಜಿನ ಸಾಮಾನನ್ನು ಚೆನ್ನಾಗಿ ಜಾಲಿಸಿ.

10 ಗ್ರಾಂ ಹೋಳನ್ನು 50 ಮಿ.ಲೀ. ಶೇ 80ರ ಎಥನಾಲ್‌ನಲ್ಲಿ ಅರೆದು, ರಾತ್ರಿಯಿಡೀ ಕತ್ತಲಲ್ಲಿಟ್ಟು ವಾಟ್‌ಮನ್ 1 ಫಿಲ್ಟರ್ ಪೇಪರಿನಲ್ಲಿ ಸೋಸಿ. ಕಂಟ್ರೋಲ್‌ಗೂ ಇದೇ ಕ್ರಮ. ಒಣ ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುವುದರಿಂದ, 20 ಮಿ.ಲೀ. ಹೆಕ್ಸೇನ್‌ನಿಂದ ಎರಡು ಸಲ ಕುಲುಕಿ ಮೇಲಿನ ಪದರ ತೆಗೆಯಿರಿ. ರೆಸ್ವೆರಾಟ್ರಾಲ್ ಕೆಳಗಿನ ಎಥನಾಲ್ ಪದರದಲ್ಲೇ ಉಳಿಯುತ್ತದೆ. ಈ ಹಂತ ಬಿಟ್ಟರೆ ಟಿಎಲ್‌ಸಿ (ತೆಳು ಪದರದ ಮೇಲೆ ಮಿಶ್ರಣದ ವಸ್ತುಗಳನ್ನು ಬೇರ್ಪಡಿಸುವ ವಿಧಾನ) ಪ್ಲೇಟಿನಲ್ಲಿ ಚುಕ್ಕೆಯ ಬದಲು ಉದ್ದನೆಯ ಗೀಟು ಬರುತ್ತದೆ. ನಂತರ 40 ಡಿಗ್ರಿ ಮೀರದಂತೆ ರೋಟರಿ ಇವ್ಯಾಪರೇಟರ್‌ನಲ್ಲಿ ಎಥನಾಲ್ ಹಾರಿಸಿ. ನೀರು ಮಾತ್ರ ಉಳಿದಾಗ 10 ಮಿ.ಲೀ. ಎಥೈಲ್ ಅಸಿಟೇಟ್‌ನಿಂದ ಎರಡು ಸಲ ಎಳೆದುಕೊಳ್ಳಿ. ಪದರಗಳು ಬೇರ್ಪಡದಿದ್ದರೆ ಎಥನಾಲ್ ಇನ್ನೂ ಉಳಿದಿದೆ ಎಂದರ್ಥ. ಅಸಿಟೇಟ್ ಪದರಕ್ಕೆ ನಿರ್ಜಲ ಸೋಡಿಯಂ ಸಲ್ಫೇಟ್ ಹಾಕಿ ತೇವ ತೆಗೆದು, ಆವಿಯಾಗಿಸಿ, ಉಳಿದದ್ದನ್ನು 0.5 ಮಿ.ಲೀ. ಮೆಥನಾಲ್‌ನಲ್ಲಿ ಕರಗಿಸಿ.

ಸಿಲಿಕಾ ಜೆಲ್ 60 ಎಫ್254 ಪ್ಲೇಟಿನಲ್ಲಿ ನಾಲ್ಕು ಚುಕ್ಕೆ ಇಡಿ: ಸ್ಟ್ಯಾಂಡರ್ಡ್ (ಶುದ್ಧ ರೆಸ್ವೆರಾಟ್ರಾಲ್, ಮಿ.ಲೀ.ಗೆ 0.1 ಮಿ.ಗ್ರಾಂ., 5 ಮೈಕ್ರೋಲೀಟರ್), ಹೋಳಿನ ಸಾರ (10 ಮೈಕ್ರೋಲೀಟರ್), ಬೇಯಿಸಿದ್ದರ ಸಾರ (10), ಮತ್ತು ಹೋಳಿನ ಸಾರದ ಮೇಲೆಯೇ ಸ್ಟ್ಯಾಂಡರ್ಡ್. ನಾಲ್ಕನೆಯದು ಮುಖ್ಯ. ಅಲ್ಲಿ ಒಂದೇ ದುಂಡು ಚುಕ್ಕೆ ಕಂಡರೆ ಎರಡೂ ಒಂದೇ ವಸ್ತುವಿರಬಹುದು. ಚುಕ್ಕೆ ಎರಡಾಗಿ ಒಡೆದರೆ ಬೇರೆ ಬೇರೆ. ಕ್ಲೋರೋಫಾರ್ಮ್, ಎಥೈಲ್ ಅಸಿಟೇಟ್, ಫಾರ್ಮಿಕ್ ಆಮ್ಲ 25:10:1ರ ದ್ರಾವಣದಲ್ಲಿ, ಫ್ಯೂಮ್ ಹುಡ್ ಒಳಗೇ ಓಡಿಸಿ. ಯುವಿ ಕನ್ನಡಕ ಹಾಕಿಕೊಂಡು ನೋಡಿ: 254 ನ್ಯಾನೊಮೀಟರ್‌ನಲ್ಲಿ ಹಸಿರು ಹೊಳಪಿನ ನಡುವೆ ಕಪ್ಪು ಚುಕ್ಕೆ, 365ರಲ್ಲಿ ನೀಲಿ ಹೊಳಪು. ಹೋಳಿನ ಸಾಲಿನಲ್ಲಿ ಇನ್ನೂ ಕೆಲವು ಚುಕ್ಕೆ ಕಾಣಬಹುದು. ಶೇಂಗಾ ಅರಾಕಿಡಿನ್ ಎಂಬ ತನ್ನದೇ ಸ್ಟಿಲ್ಬೀನ್‌ಗಳನ್ನೂ ಮಾಡುತ್ತದೆ.

ಇಲ್ಲೇ ದೊಡ್ಡ ಮೋಸವೂ ಇದೆ. ಆಸ್ಪರ್ಜಿಲಸ್ ಫ್ಲೇವಸ್ ಬೂಷ್ಟು ಬಿಡುವ ವಿಷ ಅಫ್ಲಾಟಾಕ್ಸಿನ್ ಬಿ1 ಕೂಡ 365ರಲ್ಲಿ ನೀಲಿಯಾಗಿಯೇ ಹೊಳೆಯುತ್ತದೆ! ಆದ್ದರಿಂದ ಶೇ 0.05ರ ಡಿಪಿಪಿಎಚ್ (ಉತ್ಕರ್ಷಣ ನಿರೋಧಕ ತಾಗಿದರೆ ನೇರಳೆ ಬಣ್ಣ ಕಳೆದುಕೊಳ್ಳುವ ರಾಸಾಯನಿಕ) ಮೆಥನಾಲ್ ದ್ರಾವಣವನ್ನು ಪ್ಲೇಟಿಗೆ ಸಿಂಪಡಿಸಿ. ನೇರಳೆ ಹಿನ್ನೆಲೆಯಲ್ಲಿ ಸ್ಟ್ಯಾಂಡರ್ಡ್ ಮತ್ತು ಹೋಳಿನ ಚುಕ್ಕೆ ಅರ್ಧ ಗಂಟೆಯೊಳಗೆ ಹಳದಿ ಬಿಳುಪಿಗೆ ತಿರುಗಬೇಕು. ಅಫ್ಲಾಟಾಕ್ಸಿನ್‌ಗೆ ಫೀನಾಲಿನ ಬಿಡಿ ಹೈಡ್ರಾಕ್ಸಿಲ್ ಇಲ್ಲ, ಅದು ಬಣ್ಣ ಕಳೆಯದು. ಹಸಿರು ಹಳದಿ ಪುಡಿ ಕಂಡ ಹೋಳುಗಳನ್ನು ಅರೆಯಲೇಬೇಡಿ. ಬೂಷ್ಟು ಕಾಣದಿದ್ದರೂ ಈ ಹೋಳನ್ನು ಬಾಯಿಗೆ ಹಾಕುವಂತಿಲ್ಲ. ಹೊಲದಲ್ಲೂ ನಡೆಯುವುದು ಇದೇ ಪೈಪೋಟಿ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೀಜದ ತೇವ ಇಳಿದು, ಸ್ಟಿಲ್ಬೀನ್ ಮಾಡುವ ಶಕ್ತಿ ಕುಂದುತ್ತದೆ. ಫ್ಲೇವಸ್ ನುಗ್ಗುವುದು ಆಗಲೇ. ಚಳ್ಳಕೆರೆ, ಪಾವಗಡದಂಥ ಮಳೆಯಾಶ್ರಿತ ಸೀಮೆಯ ರೈತರಿಗೆ ಇದು ಬರೀ ಪಾಠದ ಮಾತಲ್ಲ.

ಪ್ರಮಾಣ ಬೇಕಾದರೆ ಸಾರವನ್ನು ನೇರವಾಗಿ ಸ್ಪೆಕ್ಟ್ರೋಫೋಟೋಮೀಟರಿಗೆ ಇಡಬೇಡಿ. 306ರಲ್ಲಿ ಬೇರೆ ಫೀನಾಲ್‌ಗಳೂ ಬೆಳಕು ಹೀರುವುದರಿಂದ ಲೆಕ್ಕ ಉಬ್ಬುತ್ತದೆ. ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ, ಸಿ18 ಕಾಲಮ್ ಇರುವ ಎಚ್‌ಪಿಎಲ್‌ಸಿ ಯಂತ್ರವೇ ಸರಿ.

ಡಿಪಿಪಿಎಚ್ ಬಣ್ಣ ಕಳೆದ ಮಾತ್ರಕ್ಕೆ ರೆಸ್ವೆರಾಟ್ರಾಲ್ ದೇಹದಲ್ಲಿ ಕೆಲಸ ಮಾಡುತ್ತದೆ ಎಂದು ರೆಕಾರ್ಡ್‌ನಲ್ಲಿ ಬರೆಯಬೇಡಿ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜನರಿಗೆ 25 ಮಿ.ಗ್ರಾಂ. ರೆಸ್ವೆರಾಟ್ರಾಲ್ ಬಾಯಿಯ ಮೂಲಕ ಕೊಟ್ಟಾಗ ಸುಮಾರು ಶೇ 70 ಹೀರಲ್ಪಟ್ಟಿತು, ಆದರೆ ರಕ್ತದಲ್ಲಿ ಮೂಲರೂಪದಲ್ಲಿ ಸಿಕ್ಕಿದ್ದು ಅತ್ಯಲ್ಪ. ಉಳಿದದ್ದು ಬೇಗನೆ ಸಲ್ಫೇಟ್, ಗ್ಲುಕುರೋನೈಡ್ ಆಗಿತ್ತು. ಹೊನ್ನೆ ಮರದ ಕೆಚ್ಚಿನಲ್ಲಿರುವ ಟೆರೋಸ್ಟಿಲ್ಬೀನ್‌ಗೆ ಎರಡು ಮೆಥಾಕ್ಸಿ ಗುಂಪು ಇರುವುದರಿಂದ ಇಲಿಗಳಲ್ಲಿ ಅದು ಹೆಚ್ಚು ಮೂಲರೂಪದಲ್ಲಿ ಉಳಿಯಿತು, ಆದರೆ ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಹೊನ್ನೆ ಲೋಟದಲ್ಲಿ ನೆನೆದ ನೀರಿನ ಬಣ್ಣ ಕಂಡು ಟೆರೋಸ್ಟಿಲ್ಬೀನ್ ಇಳಿದಿದೆ ಎಂದುಕೊಳ್ಳಬಾರದು. ಅದನ್ನು ತೆಗೆಯಲು ಎಥನಾಲ್ ಬೇಕು.