ಇಂಜಿನ್ ಮುಟ್ಟದೆ ಆರ್‌ಎಕ್ಸ್ 100 ಟೈಮ್ ಇಳಿಸಿದ್ದು

ನನ್ನ ಯಮಾಹಾ ಆರ್‌ಎಕ್ಸ್ 100 ಬೈಕಿಗೆ ಮೊದಲು ಇಂಜಿನ್ ಕೆಲಸವನ್ನೇ ಮಾಡಿಸಿದ್ದೆ. ಪೋರ್ಟಿಂಗ್ (ಸಿಲಿಂಡರಿನ ಗಾಳಿದಾರಿ ತಿದ್ದುವುದು), 28 ಎಂಎಂ ಕಾರ್ಬ್ಯುರೇಟರ್, ಎಕ್ಸ್‌ಪಾನ್ಷನ್ ಚೇಂಬರ್ (ರೇಸ್ ಸೈಲೆನ್ಸರ್) ಮೂರಕ್ಕೂ ಸೇರಿ 25,000 ರೂಪಾಯಿ ಹತ್ತಿರ ಹೋಯಿತು. 11 ಎಚ್‌ಪಿ ಇಂಜಿನ್ 17ರ ಆಸುಪಾಸಿಗೆ ಬಂತು. ಆದರೂ ಡ್ರ್ಯಾಗ್ ರೇಸಿನ 402 ಮೀಟರ್ (ಕಾಲು ಮೈಲಿ) ನೇರ ಓಟಕ್ಕೆ 16.6 ಸೆಕೆಂಡಿನಿಂದ ಕೆಳಗಿಳಿಯಲಿಲ್ಲ. ಸಿಲಿಂಡರ್ ಕೊರೆಸಿ ಇನ್ನೂ ದೊಡ್ಡ ಬೋರ್ ಮಾಡಿಸು ಅಂದವರೇ ಎಲ್ಲರೂ. ಅದೇ ಇಂಜಿನ್ನಿನಲ್ಲಿ ಈಗ 15.8 ಬರುತ್ತಿದೆ. ಖರ್ಚು 9,000 ಚಿಲ್ಲರೆ.

ಮೊದಲು ತೂಕ. ಗಾಡಿ 103 ಕೆಜಿ, ಸವಾರ 66. ಸೆಂಟರ್ ಸ್ಟ್ಯಾಂಡ್, ಮಡ್‌ಗಾರ್ಡ್, ಇಂಡಿಕೇಟರ್, ಸೀಟಿನ ಒಳಗಿನ ತಗಡು, ಬ್ಯಾಟರಿ ಎಲ್ಲ ಹೋಯಿತು. ಇಗ್ನಿಷನ್, ಇಂಜಿನ್ ಜೊತೆ ತಿರುಗಿ ಕರೆಂಟ್ ಕೊಡುವ ಮ್ಯಾಗ್ನೆಟೊದಿಂದಲೇ ನಡೆಯುವುದರಿಂದ ಬ್ಯಾಟರಿ ಬೇಕಿಲ್ಲ. ಕಬ್ಬಿಣದ ರಿಮ್ ತೆಗೆದು ಅಲಾಯ್ ರಿಮ್‌ಗೆ ಸ್ಪೋಕ್ ಕಟ್ಟಿಸಿದೆ; ತಿರುಗುವ ತೂಕ ಇಳಿದರೆ ಲಾಭ ಹೆಚ್ಚು. ಗುಜರಿ ತಕ್ಕಡಿಯಲ್ಲಿ ಒಟ್ಟು 16 ಕೆಜಿ ಕಡಿಮೆ. ಸವಾರನೂ ಸೇರಿ 10% ತೂಕ ಹೋದರೆ ಟೈಮ್ ಸುಮಾರು 3.5% ಇಳಿಯುತ್ತದೆ. ಪವರ್ 10% ಏರಿಸಿದರೂ ಸಿಗುವುದು ಹೆಚ್ಚುಕಡಿಮೆ ಅಷ್ಟೇ, ಆದರೆ ಪಿಸ್ಟನ್ ಬಾಳಿಕೆ ಹೋಗುತ್ತದೆ. ಫ್ರೇಮ್‌ಗೆ, ಮುಂದಿನ ಬ್ರೇಕಿಗೆ ಮಾತ್ರ ಕೈ ಹಚ್ಚಬೇಡಿ.

ದುಡ್ಡು ದಂಡವಾದದ್ದು ಸ್ವಿಂಗ್‌ಆರ್ಮ್‌ನಲ್ಲಿ, ಅಂದರೆ ಹಿಂದಿನ ಚಕ್ರ ಹಿಡಿದಿರುವ ತೋಳಿನಲ್ಲಿ. ಮುಂದಿನ ಚಕ್ರ ಏಳುತ್ತಿತ್ತು ಅಂತ ಪೀಣ್ಯದ ಲೇತ್ ಶಾಪಿನಲ್ಲಿ 4 ಇಂಚು ಉದ್ದ ಮಾಡಿಸಿದೆ. ಚಕ್ರ ಏಳುವುದು ನಿಂತಿತು, ಆದರೆ ಹಿಂದಿನ ಟೈರ್ ಸುಮ್ಮನೆ ತಿರುಗತೊಡಗಿತು. ಗಾಡಿ ಉದ್ದವಾದಷ್ಟೂ ಭಾರ ಹಿಂದಕ್ಕೆ ಬೀಳುವುದು ಕಡಿಮೆ. 17 ಎಚ್‌ಪಿಗೆ ಅಷ್ಟುದ್ದ ದಂಡ. ದೊಡ್ಡ ಗಾಡಿಗಳ ನೋಟ ನೋಡಿ ಮಾಡಿಸುವವರಿಗೆ ಇದನ್ನೇ ಹೇಳುತ್ತೇನೆ. ಒಂದೂವರೆ ಇಂಚಿಗೆ ಇಳಿಸಿ, ಮುಂಭಾಗ ತಗ್ಗಲಿ ಅಂತ ಮುಂದಿನ ಫೋರ್ಕ್ ಕ್ಲ್ಯಾಂಪಿನಲ್ಲಿ 25 ಎಂಎಂ ಮೇಲೆ ತಳ್ಳಿದೆ. ಮುಂದಿನ ಚಕ್ರ ನೆಲದಿಂದ ಎರಡು ಬೆರಳು ಎದ್ದರೆ ಸರಿ, ಅದಕ್ಕಿಂತ ಎದ್ದರೆ ಥ್ರಾಟಲ್ ಬಿಡಬೇಕಾಗುತ್ತದೆ.

ಅಗಲದ ಟೈರೂ ಹಾಕಿ ನೋಡಿದೆ. ತೂಕ ಏರಿತೇ ಹೊರತು ಪ್ರಯೋಜನ ಕಾಣಲಿಲ್ಲ. ಕಂಪನಿ ಅಳತೆಯಲ್ಲೇ ಮೃದು ರಬ್ಬರಿನ ಟೈರ್ ಸಾಕು. ಗಾಳಿ 28ರಿಂದ 18 ಪಿಎಸ್‌ಐಗೆ ಇಳಿಸಿದಾಗ ಹಿಡಿತ ಬಂತು. 14ಕ್ಕೆ ಇಳಿಸಿದರೆ ಟೈರ್ ರಿಮ್ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತುಬಂತು.

ಮ್ಯಾಗ್ನೆಟೊದ ತಿರುಗುವ ಚಕ್ರ, ಅಂದರೆ ಮ್ಯಾಗ್ನೆಟ್ ತೂಕ ಕಡಿಮೆ ಮಾಡಿಸಿದ್ದು ಇನ್ನೊಂದು ಪ್ರಯೋಗ. ನಿಂತಲ್ಲಿ ಆರ್‌ಪಿಎಂ ಸರ್ರನೆ ಏರುತ್ತದೆ, ಕ್ಲಚ್ ಬಿಟ್ಟ ಕೂಡಲೇ ಇಂಜಿನ್ ಕುಸಿಯುತ್ತದೆ. ಹಳೆಯದನ್ನೇ ವಾಪಸ್ ಹಾಕಿದೆ. ಕ್ಲಚ್ ಜಾರದಿರಲು ಜೆ.ಸಿ. ರೋಡಿನಲ್ಲಿ ಗಟ್ಟಿ ಕ್ಲಚ್ ಸ್ಪ್ರಿಂಗ್ ಸಿಗುತ್ತವೆ. ಎಷ್ಟು ಗಟ್ಟಿಯವು, ಎಷ್ಟು ಹಳೆಯವು ಬೆರೆಸಿದೆ ಅನ್ನುವುದು ನನ್ನಲ್ಲೇ ಇರಲಿ. ಮೊದಲ 60 ಅಡಿಯಲ್ಲಿ 0.1 ಸೆಕೆಂಡ್ ಉಳಿಸಿದರೆ ಕೊನೆಯಲ್ಲಿ ಸುಮಾರು 0.15 ಉಳಿಯುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಇಲ್ಲಿನ ಮೇನ್ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು) ಇಟ್ಟುಕೊಂಡೇ ಚೆನ್ನೈ ಹತ್ತಿರ, ಸಮುದ್ರಮಟ್ಟಕ್ಕೆ ಸಮೀಪ ಇರುವ ಶ್ರೀಪೆರಂಬುದೂರಿನ ಟ್ರ್ಯಾಕಿಗೆ ಹೋದರೆ ಮಿಶ್ರಣ ಲೀನ್ ಆಗಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಸೀಜ್ ಆಗಬಹುದು. ಎರಡು ಸೈಜ್ ದೊಡ್ಡ ಜೆಟ್ ಹಾಕಿ ಓಡಿಸಿ, ಸ್ಪಾರ್ಕ್ ಪ್ಲಗ್ ಬಣ್ಣ ನೋಡಿ ಆಮೇಲೆ ಜೆಟ್ ಸೈಜ್ ಇಳಿಸಿ.