ರಿಗಿ ಬೆಟ್ಟಕ್ಕೆ ಹೊರಡುವ ದಿನ ಬೆಳಿಗ್ಗೆ ಎದ್ದು ತೀರ್ಮಾನಿಸಿ

ಮುಂಬೈ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ಕಾರ್ಯಕ್ರಮ ಮುಗಿಸಿ ಹೊರಬರುವಾಗ ಪರಿಚಯದವರೊಬ್ಬರು ಕೇಳಿದರು: "ಅಪ್ಪ ಅಮ್ಮನ್ನ ಸ್ವಿಟ್ಜರ್ಲೆಂಡ್‌ಗೆ ಕರ್ಕೊಂಡು ಹೋಗ್ತಿದ್ದೀವಿ. ಬೆಟ್ಟ ಎಲ್ಲ ಅವರಿಂದ ಆಗುತ್ತಾ?" ಖಂಡಿತ ಆಗುತ್ತೆ, ರಿಗಿಗೆ ಹೋಗಿ ಎಂದೆ. ಗೇಟಿನ ಬಳಿ ನಿಂತು ಪೂರ್ತಿ ಹೇಳಲಾಗಲಿಲ್ಲ. ಉಳಿದದ್ದು ಇಲ್ಲಿದೆ.

ರಿಗಿ ಇರುವುದು ಲೂಸರ್ನ್ ಸರೋವರದ ದಡದಲ್ಲಿ. ಎತ್ತರ 1,798 ಮೀಟರ್. ನಮ್ಮವರು ಹೆಚ್ಚಾಗಿ ಹೋಗುವ ಟಿಟ್ಲಿಸ್ ಬೆಟ್ಟ 3,000 ಮೀಟರ್ ದಾಟುತ್ತದೆ. ಅಲ್ಲಿ ವಯಸ್ಸಾದ ಕೆಲವರಿಗೆ ತಲೆ ಸುತ್ತುತ್ತದೆ, ಏದುಸಿರು ಬರುತ್ತದೆ. ರಿಗಿಯಲ್ಲಿ ಆ ತೊಂದರೆ ಕಡಿಮೆ. ಶಿಖರದ ಹತ್ತಿರದವರೆಗೂ ರೈಲಿದೆ. 1871ರಲ್ಲಿ ಶುರುವಾದ ಇದು ಯುರೋಪಿನ ಮೊದಲ ಬೆಟ್ಟದ ರೈಲು. ಮುಂಬೈ ಹತ್ತಿರದ ನಮ್ಮ ಮಾಥೆರಾನ್ ಬೆಟ್ಟದ ಗಾಡಿ ಬಂದದ್ದು 1907ರಲ್ಲಿ. ಮಾಥೆರಾನ್ ಗಾಡಿ ಬೆಟ್ಟವನ್ನು ಸುತ್ತಿ ಸುತ್ತಿ ಹತ್ತಿದರೆ ರಿಗಿಯದು ಕಡಿದಾದ ಏರನ್ನೇ ಹತ್ತುತ್ತದೆ. ಎರಡು ಹಳಿಗಳ ಮಧ್ಯೆ ಹಲ್ಲುಗಳಿರುವ ಇನ್ನೊಂದು ಪಟ್ಟಿ ಇರುತ್ತದೆ. ಗಾಡಿಯ ಕೆಳಗಿನ ಹಲ್ಲಿನ ಚಕ್ರ ಅದನ್ನು ಹಿಡಿದುಕೊಂಡೇ ಮೇಲೇರುತ್ತದೆ. ಊಟಿ ರೈಲು ನೋಡಿದವರಿಗೆ ಇದು ಗೊತ್ತು.

ಮೊದಲ ಮಾತು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಬೆಟ್ಟಕ್ಕೆ ಹೋಗುವ ತಾರೀಖನ್ನು ಮುಂಬೈಯಲ್ಲೇ ಕೂತು ಗೊತ್ತು ಮಾಡಬೇಡಿ. ಲೂಸರ್ನ್‌ನಲ್ಲಿ ಮೂರು ರಾತ್ರಿ ಉಳಿಯಿರಿ. ಅದರಲ್ಲಿ ಒಳ್ಳೆಯ ಒಂದು ದಿನವನ್ನು ಬೆಟ್ಟಕ್ಕೆ ಕೊಡಿ. ನಾವು ಮೊದಲ ಸಲ ಹೋದದ್ದು ಗುಂಪು ಪ್ರವಾಸದಲ್ಲಿ. ತಾರೀಖು ತಿಂಗಳ ಹಿಂದೆಯೇ ನಿಗದಿಯಾಗಿತ್ತು. ಅಮ್ಮ ಸೀರೆಯ ಮೇಲೆ ಎರಡು ಸ್ವೆಟರ್ ಹಾಕಿಕೊಂಡು ಶಿಖರದ ಕಂಬಿ ಹಿಡಿದು ನಿಂತಿದ್ದರು. ಎದುರಿಗೆ ಬರೀ ಬಿಳಿ. "ಇಷ್ಟು ದೂರ ಬಂದು ಏನೂ ಕಾಣ್ಲಿಲ್ಲ ಅಲ್ವಾ" ಎಂದರು. ಎರಡು ದಿನ ಬಿಟ್ಟು ಆಕಾಶ ತಿಳಿಯಾಯಿತು. ಅಷ್ಟರಲ್ಲಿ ನಾವು ಬೇರೆ ಊರಲ್ಲಿದ್ದೆವು.

ಆದ್ದರಿಂದ ಬೆಳಿಗ್ಗೆ ಬೇಗ ಎದ್ದು ಮೊಬೈಲಿನಲ್ಲಿ ರಿಗಿ ಶಿಖರದ ನೇರ ಕ್ಯಾಮೆರಾ ನೋಡಿ. ಕಿಟಕಿಯಾಚೆಗಿನ ಆಕಾಶವನ್ನು ನಂಬಬೇಡಿ. ಅಕ್ಟೋಬರ್ ನಂತರ ಎಷ್ಟೋ ದಿನ ತಣ್ಣನೆಯ ಗಾಳಿ ಕೆಳಗೇ ನಿಂತು ಊರೆಲ್ಲ ಮಂಜು ಕವಿದಿರುತ್ತದೆ. ಮೇಲೆ ಮಾತ್ರ ಚೆನ್ನಾದ ಬಿಸಿಲು, ಕಾಲ ಕೆಳಗೆ ಮೋಡದ ಕಡಲು. ಊರಲ್ಲಿ ಬಿಸಿಲಿದ್ದು ಶಿಖರ ಮುಚ್ಚಿರುವ ದಿನವೂ ಉಂಟು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಜಾಸ್ತಿ, ಹಾಗಾಗಿ ಲೂಸರ್ನ್‌ನಿಂದ ರಿಗಿ ರೈಲಿನ ಬುಡಕ್ಕೆ ಹೋಗುವ ಬೆಳಗಿನ ದೋಣಿಯನ್ನೇ ಹಿಡಿಯಿರಿ. ಕ್ಯಾಮೆರಾದಲ್ಲಿ ಏನೂ ಕಾಣದಿದ್ದರೆ ಅವತ್ತು ಊರು ಸುತ್ತಿ.

ಲೂಸರ್ನ್‌ಗಿಂತ ಶಿಖರದಲ್ಲಿ ಎಂಟು ಡಿಗ್ರಿಯಷ್ಟು ಚಳಿ ಹೆಚ್ಚು, ಜೊತೆಗೆ ಗಾಳಿ. ಒಂದು ದಪ್ಪ ಸ್ವೆಟರ್‌ಗಿಂತ ಎರಡು ತೆಳು ಬಟ್ಟೆ, ಮೇಲೊಂದು ಗಾಳಿ ತಡೆಯುವ ಜಾಕೆಟ್ ಒಳ್ಳೆಯದು. ಸೀರೆಯವರೂ ಬೂಟು ಹಾಕಲಿ. ಊಟದ ಡಬ್ಬಿ ಕಟ್ಟಿಕೊಳ್ಳಿ, ಮೇಲೆ ಹೋಟೆಲ್ ದುಬಾರಿ. ಮನೆಯಿಂದ ಒಯ್ದ ಚಟ್ನಿಪುಡಿ ಇದ್ದರೆ ಅಲ್ಲಿನ ಬ್ರೆಡ್ಡೂ ರುಚಿಸುತ್ತದೆ. ಆದರೆ ಭಾರತದಿಂದ ಹಾಲಿನ ತಿನಿಸು ಒಯ್ಯುವಂತಿಲ್ಲ. ಧಾರವಾಡ ಪೇಡ ಮನೆಯಲ್ಲೇ ಇರಲಿ.

ದೋಣಿಗಟ್ಟೆ ಲೂಸರ್ನ್ ರೈಲು ನಿಲ್ದಾಣದ ಎದುರಿಗೇ ಇದೆ. ಪ್ರವಾಸಿಗರಿಗೆ ಸಿಗುವ ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ದೋಣಿಗೂ ರಿಗಿ ರೈಲಿಗೂ ಬೇರೆ ಟಿಕೆಟ್ ಬೇಡ. ಸುಮಾರು ಒಂದು ಗಂಟೆಗೆ ವಿಟ್ಸ್‌ನೌ ಬರುತ್ತದೆ. ದೋಣಿ ಇಳಿದರೆ ರೈಲು ಅಲ್ಲೇ. ಅಂಧೇರಿಯಲ್ಲಿ ಲೋಕಲ್ ರೈಲು ಹತ್ತುವಂತೆ ನುಗ್ಗಬೇಕಿಲ್ಲ, ಆದರೆ ಎಡಗಡೆ ಸೀಟು ಹಿಡಿಯಿರಿ. ಸರೋವರ ಕೆಳಗೆ ಕೆಳಗೆ ಇಳಿಯುತ್ತಾ ಹೋಗುವುದು ಆ ಕಿಟಕಿಯಲ್ಲೇ ಕಾಣುವುದು. ಅರ್ಧ ಗಂಟೆಯ ಏರು. ಕೊನೆಯ ನಿಲ್ದಾಣದಿಂದ ಶಿಖರಕ್ಕೆ ಹತ್ತು ನಿಮಿಷದ ನಡಿಗೆ, ಸ್ವಲ್ಪ ಏರು. ಹಿರಿಯರು ನಿಂತು ನಿಂತು ಹತ್ತಲಿ.

ಮೇಲೆ ಎರಡು ಗಂಟೆಯಾದರೂ ಇರಿ. ಫೋಟೊ ತೆಗೆದು ಓಡಬೇಡಿ. ಒಂದು ಕಡೆ ಹಿಮದ ಆಲ್ಪ್ಸ್ ಸಾಲು, ಇನ್ನೊಂದು ಕಡೆ ತ್ಸುಗ್ ಸರೋವರ. ಎರಡನೇ ಸಲ ಹೋದಾಗ ಅಮ್ಮ ಒಂದೇ ಬೆಂಚಿನಲ್ಲಿ ಒಂದು ಗಂಟೆ ಕೂತಿದ್ದರು. ಕರೆದರೂ ಏಳಲಿಲ್ಲ.

ಕಾಲು ಗಟ್ಟಿ ಇರುವವರು ರೈಲಿನ ದಾರಿಯ ಮಧ್ಯೆ ಇರುವ ಕಾಲ್ಟ್‌ಬಾದ್ ನಿಲ್ದಾಣದವರೆಗೆ ನಡೆದು ಇಳಿಯಬಹುದು, ಸುಮಾರು ಒಂದು ಗಂಟೆ. ಹಳದಿ ಫಲಕಗಳಲ್ಲಿ ದಾರಿಯೂ ಸಮಯವೂ ಬರೆದಿರುತ್ತದೆ. ಉಳಿದವರು ರೈಲಿನಲ್ಲಿ ಬಂದು ಅಲ್ಲೇ ಸೇರಲಿ. ಬಂದ ದಾರಿಯಲ್ಲೇ ಮರಳಬೇಕೆಂದಿಲ್ಲ. ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಆರ್ಟ್-ಗೋಲ್ಡೌಗೆ ಇಳಿಯುವ ರೈಲೂ ಇದೆ. ಅಲ್ಲಿಂದ ಲೂಸರ್ನ್‌ಗೆ ಅರ್ಧ ಗಂಟೆ. ಯಾವ ಕಡೆ ಇಳಿಯುವುದಾದರೂ, ಮೇಲೆ ತಲುಪಿದ ಕೂಡಲೇ ಕೊನೆಯ ಗಾಡಿ ಎಷ್ಟು ಗಂಟೆಗೆ ಎಂದು ನಿಲ್ದಾಣದ ಫಲಕದಲ್ಲಿ ನೋಡಿಟ್ಟುಕೊಳ್ಳಿ.